ಹಿಮದಿಂದ ಎರೆಮಣ್ಣಿಗೆ

2016ರ ಫೆಬ್ರುವರಿ 9, ಮಂಗಳವಾರ. ಆನೆಕೊಂಡದಲ್ಲಿ ಈಗಷ್ಟೇ ಬೆಳಗಾಗಿದೆ. ಒಂದು ಕಾಲಕ್ಕೆ ಬೇರೆಯೇ ಹಳ್ಳಿಯಾಗಿದ್ದ ಇದನ್ನು ದಾವಣಗೆರೆ ಬೆಳೆಯುತ್ತ ಬಂದು ತನ್ನೊಳಗೆ ಸೇರಿಸಿಕೊಂಡಿದೆ. ಈಶ್ವರನ ಹಳೆಯ ಕಲ್ಲುಗುಡಿ ಮಾತ್ರ ಇದ್ದಲ್ಲೇ ಇದೆ. ಓಣಿಯಲ್ಲಿ ರೊಟ್ಟಿ ಬಡಿಯುವ ಸದ್ದು. ಒಂದೇ ಟಿವಿಯ ಮುಂದೆ ನಾಲ್ಕು ಮನೆಯವರು. ನೀವು ಹೊಸ್ತಿಲಲ್ಲೇ ನಿಂತಿದ್ದೀರಿ.

"ಏನಂತೆ?"

"ಉಸಿರೈತಂತ್ರೀ. ಆರು ದಿನ ಆದ್ಮ್ಯಾಲೆ!"

ರೊಟ್ಟಿ ಬಡಿಯುತ್ತಿದ್ದಾಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬರುತ್ತಾಳೆ. "ಯಾವೂರ ಹುಡುಗನವ್ವಾ?"

"ನಮ್ಮ ಕಡೆಯವನೇ. ಕುಂದಗೋಳದ ಹತ್ರ, ಬೆಟದೂರು."

ಆಕೆ ಗುಡಿಯ ದಿಕ್ಕಿಗೆ ತಿರುಗಿ, ಹಿಟ್ಟು ಮೆತ್ತಿದ ಕೈಗಳನ್ನು ಹಾಗೇ ಜೋಡಿಸುತ್ತಾಳೆ. ಟಿವಿಯಲ್ಲಿ ಹೆಸರು ಮತ್ತೆ ಮತ್ತೆ ಬರುತ್ತಿದೆ: ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ, 19ನೇ ಮದ್ರಾಸ್ ಬೆಟಾಲಿಯನ್.

ಅವರನ್ನು ಎತ್ತಿ ತಂದ ಜಾಗ ಸಿಯಾಚಿನ್‌ನ ಸೋನಂ ಪೋಸ್ಟ್. 19,600 ಅಡಿ. ಚಿಕ್ಕಮಗಳೂರಿನ ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದರಂತೆ ಮೂರು ಸಲ ಪೇರಿಸಿದರೂ ಅಲ್ಲಿಗೆ ಇನ್ನೂ ಆರುನೂರು ಅಡಿ ಸಾಲದು. ಎಳೆದುಕೊಂಡ ಉಸಿರಿನಲ್ಲಿ ಸಿಗುವ ಆಮ್ಲಜನಕ ನಮ್ಮೂರಿನ ಅರ್ಧದಷ್ಟು. ನಾಲ್ಕು ಹೆಜ್ಜೆ ಇಟ್ಟರೆ ನಿಂತು ಸುಧಾರಿಸಿಕೊಳ್ಳಬೇಕು. 1984ರ ಏಪ್ರಿಲ್‌ನಲ್ಲಿ ನಮ್ಮ ಸೈನ್ಯ ಆ ಹಿಮನದಿಯ ಮೇಲೇರಿದ ಮೇಲೆ ಅಲ್ಲಿ ಗುಂಡಿಗಿಂತ ಹೆಚ್ಚು ಜನರನ್ನು ಕೊಂದಿರುವುದು ಚಳಿ, ಎತ್ತರ ಮತ್ತು ಜಾರುವ ಹಿಮ.

ಫೆಬ್ರುವರಿ 3ರಂದು ಹಿಮದ ಗೋಡೆಯೊಂದು ಕಳಚಿ ಪೋಸ್ಟಿನ ಮೇಲೆ ಬಿತ್ತು. ಹತ್ತು ಜನ ಒಳಗೆ. ಬಿದ್ದದ್ದು ಹಗುರವಾದ ಮಂಜಲ್ಲ, ಬಂಡೆಯಂಥ ಹಿಮಗಡ್ಡೆ. ಯಾರೂ ಉಳಿದಿರಲಾರರು ಎಂಬ ಮಾತು ಮರುದಿನವೇ ದೆಹಲಿಯಿಂದ ಬಂತು. ಆದರೂ ಮೇಲಿದ್ದವರು ಕೈಬಿಡಲಿಲ್ಲ. ನೂರೈವತ್ತಕ್ಕೂ ಹೆಚ್ಚು ಜನ, ಬಂಡೆ ಕೊರೆಯುವ ಯಂತ್ರ, ವಿದ್ಯುತ್ ಗರಗಸ, ರೇಡಾರ್, ಜೊತೆಗೆ ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು. ರಾತ್ರಿ ಸೊನ್ನೆಗಿಂತ 45 ಡಿಗ್ರಿ ಕೆಳಗೆ. ಐದು ದಿನ ಅಗೆದರು. ಫೆಬ್ರುವರಿ 8ರ ಸೋಮವಾರ, ಇಪ್ಪತ್ತೈದು ಅಡಿಗೂ ಆಳದಲ್ಲಿ ಹರಿದ ಡೇರೆಯೊಂದು ಸಿಕ್ಕಿತು. ಅದರೊಳಗೆ ಒಬ್ಬರ ನಾಡಿ ಬಡಿಯುತ್ತಿತ್ತು.

ಬೆಟದೂರಿನ ಆ ಮನೆಯನ್ನು ನೆನೆಯಿರಿ. ಐದು ದಿನದಿಂದ ಸೂತಕದಲ್ಲಿ ಕೂತ ತಾಯಿ. ಎಳೆಯ ಹೆಂಡತಿ. ಎರಡರ ಆಸುಪಾಸಿನ ಮಗಳು. ಸತ್ತನೆಂದು ಅತ್ತ ಮನೆಗೆ ಬದುಕಿದ್ದಾನೆಂಬ ಮಾತು ಬರುತ್ತದೆ. ಅಳುತ್ತಿದ್ದ ಕಣ್ಣೇ ಮತ್ತೆ ಅಳುತ್ತದೆ. ಈ ಅಳುವಿಗೆ ಹೆಸರಿಡಲು ನನಗಾಗದು. ಅವರು ಅವಸರದಲ್ಲಿ ದೆಹಲಿಯ ಸೇನಾ ಆಸ್ಪತ್ರೆಗೆ ಹೊರಡುತ್ತಾರೆ.

ಮಂಗಳವಾರ, ಬುಧವಾರ ಆನೆಕೊಂಡದ ಆ ಟಿವಿ ಆರುವುದಿಲ್ಲ. ನಿರ್ಜಲೀಕರಣ, ನ್ಯುಮೋನಿಯಾ, ಸೋತ ಮೂತ್ರಪಿಂಡ, ಸೋತ ಯಕೃತ್ತು. ಸೇನೆಯ ಆಸ್ಪತ್ರೆಯ ಪ್ರಕಟಣೆಯ ಒಂದೊಂದು ಪದವನ್ನೂ ಜನ ಒಬ್ಬರಿಗೊಬ್ಬರು ಬಿಡಿಸಿ ಹೇಳುತ್ತಾರೆ. ಉತ್ತರ ಪ್ರದೇಶದ ಹೆಣ್ಣುಮಗಳೊಬ್ಬಳು ತನ್ನ ಮೂತ್ರಪಿಂಡ ಕೊಡುತ್ತೇನೆಂದು ಮುಂದೆ ಬಂದ ಸುದ್ದಿ ಕೇಳಿ ಓಣಿಯ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ.

ಗುರುವಾರ, ಫೆಬ್ರುವರಿ 11. ಬೆಳಿಗ್ಗೆ 11 ಗಂಟೆ 45 ನಿಮಿಷಕ್ಕೆ ಆ ಉಸಿರು ನಿಲ್ಲುತ್ತದೆ. ಯಾರೂ ಏನೂ ಹೇಳುವುದಿಲ್ಲ. ಯಾರೋ ಒಬ್ಬರು ಟಿವಿಯ ಧ್ವನಿ ಇಳಿಸುತ್ತಾರೆ.

ಶುಕ್ರವಾರ ನೀವು ಹುಬ್ಬಳ್ಳಿ ರೈಲು ಹತ್ತಿದ್ದೀರಿ. ಹರಿಹರದಲ್ಲಿ ತುಂಗಭದ್ರೆ ದಾಟುತ್ತದೆ. ಬೇಸಿಗೆ ಹತ್ತಿರವಾಗಿ ನದಿಯಲ್ಲಿ ಬಂಡೆಗಳು ಎದ್ದಿವೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ. ನೆಲ ಕಪ್ಪಾಗುತ್ತ ಹೋಗುತ್ತದೆ. ಕುಂದಗೋಳ ದಾಟುವಾಗ ಬಿಳಿಜೋಳದ ಹೊಲಗಳು, ಬಿಡಿಸಿ ಉಳಿದ ಹತ್ತಿಯ ಗಿಡಗಳು. ಈ ಎರೆಹೊಲಗಳ ನಡುವೆಯೇ ಆ ಹುಡುಗ ದಿನಾ ಆರು ಕಿಲೋಮೀಟರ್ ನಡೆದು ಅರಳಿಕಟ್ಟಿಯ ಶಾಲೆಗೆ ಹೋಗುತ್ತಿದ್ದ.

ಹುಬ್ಬಳ್ಳಿಯ ನೆಹರು ಮೈದಾನದಲ್ಲಿ ಸಾಲು ಮುಗಿಯುವುದೇ ಇಲ್ಲ. ತ್ರಿವರ್ಣ ಧ್ವಜ ಹೊದಿಸಿದ ಪೆಟ್ಟಿಗೆ. ಅಲ್ಲಿಂದ ಬೆಟದೂರು. ಸೇನೆಯ ಗೌರವ, ಆಮೇಲೆ ಲಿಂಗಾಯತ ಪದ್ಧತಿಯ ಸಂಸ್ಕಾರ. ಹಿಮ ಅಗೆದು ಮೇಲೆತ್ತಿದವರನ್ನು ಈಗ ಎರೆಮಣ್ಣು ಅಗೆದು ಕೆಳಗಿಳಿಸುತ್ತಿದ್ದಾರೆ. ಸಮಾಧಿಗೆ ಮೂರು ಹಿಡಿ ಮಣ್ಣು ಹಾಕುವ ಆ ಗಳಿಗೆಯಲ್ಲಿ ನಿಮ್ಮ ಕೈಯೂ ಬಗ್ಗುತ್ತದೆ.

ದೇಶ ಹನುಮಂತಪ್ಪನವರನ್ನು ಕಂಡದ್ದು ಕೊನೆಯ ಕೆಲವೇ ದಿನ. ನನ್ನ ಮನಸ್ಸು ನಿಲ್ಲುವುದು ಅದಕ್ಕೂ ಹಿಂದಿನ ಹದಿಮೂರು ವರ್ಷಗಳ ಮೇಲೆ. 2002ರ ಅಕ್ಟೋಬರ್ 25ರಂದು ಅವರು ಪಲ್ಟನ್ ಸೇರಿದರು. 2003ರಿಂದ 2006ರವರೆಗೆ ಜಮ್ಮು ಕಾಶ್ಮೀರದ ಮಾಹೋರ್. 2008ರಲ್ಲಿ ತಾವಾಗಿಯೇ ಕೇಳಿಕೊಂಡು ಮತ್ತೆ ಅದೇ ರಾಜ್ಯಕ್ಕೆ, 54ನೇ ರಾಷ್ಟ್ರೀಯ ರೈಫಲ್ಸ್‌ನಲ್ಲಿ ಎರಡು ವರ್ಷ. 2010ರಿಂದ 2012ರವರೆಗೆ ಈಶಾನ್ಯದಲ್ಲಿ ಬೋಡೊ ಮತ್ತು ಉಲ್ಫಾ ಉಗ್ರರ ಎದುರು. 2015ರ ಆಗಸ್ಟ್‌ನಿಂದ ಸಿಯಾಚಿನ್. ಹದಿಮೂರರಲ್ಲಿ ಹತ್ತು ವರ್ಷ ಇಂಥ ಜಾಗಗಳಲ್ಲೇ. ಮನೆಯವರ ಪಾಲಿಗೆ ಅದು ರಜೆಯ ದಿನ ಎಣಿಸುವ, ಫೋನಿಗೆ ಕಾಯುವ ಬದುಕು. ಆ ಕಾಯುವಿಕೆಗೆ ಯಾವ ಕ್ಯಾಮೆರಾವೂ ಬರಲಿಲ್ಲ. ಬರಬೇಕಿತ್ತು.

2017ರ ಸೇನಾ ದಿನದಂದು, ಜನವರಿ 15ರಂದು, ದೆಹಲಿಯ ಮೈದಾನದಲ್ಲಿ ಅವರ ಹೆಂಡತಿ ನಡೆದು ಬಂದು ಗಂಡನ ಸೇನಾ ಪದಕವನ್ನು ಸ್ವೀಕರಿಸಿದರು.

ಆ ಹತ್ತು ಜನರಲ್ಲಿ ಇನ್ನಿಬ್ಬರು ನಮ್ಮ ನಾಡಿನವರು: ಹಾಸನದ ತೇಜೂರಿನ ಸುಬೇದಾರ್ ನಾಗೇಶ, ಎಚ್.ಡಿ. ಕೋಟೆಯ ಸಿಪಾಯಿ ಮಹೇಶ. ಅವರಿಗೆ ಆ ಮೂರು ದಿನದ ಉಸಿರೂ ದಕ್ಕಲಿಲ್ಲ, ಹೆಸರು ಹೇಳುವ ಟಿವಿಗಳೂ ಕಡಿಮೆಯಾದವು. ಹುಬ್ಬಳ್ಳಿ ರೈಲು ಕುಂದಗೋಳ ದಾಟುವಾಗ ಪಕ್ಕದಲ್ಲಿ ಮಗುವಿದ್ದರೆ ಕಿಟಕಿಯಾಚೆ ತೋರಿಸಿ, ಮೂವರ ಹೆಸರನ್ನೂ ಹೇಳಿ.