ತಪ್ಪು ಉತ್ತರದ ಹಿಂದೆ

ಈ ಸಲದ ರಾಮನವಮಿಗೆ ಪಾನಕ ಹಂಚುವಾಗ ಐದು ವರ್ಷದ ಮೊಮ್ಮಗಳು ಉದ್ದ ಲೋಟವೇ ಬೇಕೆಂದು ಹಟ ಹಿಡಿದಳು. ಅವಳ ಕಣ್ಣೆದುರಿಗೇ ಗಿಡ್ಡ ಲೋಟದ ಪಾನಕವನ್ನು ಅದಕ್ಕೆ ಸುರಿದೆ. "ಈಗ ಜಾಸ್ತಿ ಆಯ್ತು ಅಜ್ಜಿ" ಅಂತ ಹಿಗ್ಗಿದಳು. ಅವಳ ಅಣ್ಣನಿಗೆ ಒಂಬತ್ತು. "ಅದೇ ಪಾನಕ ಅಲ್ವೇನೇ, ಜಾಸ್ತಿ ಎಲ್ಲಿಂದ ಬರುತ್ತೆ?" ಎಂದು ರೇಗಿದ. ಉದ್ದ ಲೋಟಕ್ಕೆ ಒಂದು ಕಾಲದಲ್ಲಿ ತಾನೂ ಅತ್ತದ್ದು ಅವನಿಗೆ ನೆನಪೇ ಇಲ್ಲ. ನನಗೆ ಸೋಜಿಗವೆನಿಸುವುದು ಈ ಮರೆವು. ಹಾಗೆ ಯೋಚಿಸಿದವರು ನಾವೇ. ಆ ಯೋಚನೆಯೊಳಕ್ಕೆ ಮತ್ತೆ ಹೋಗಲು ಮಾತ್ರ ನಮ್ಮಿಂದಾಗದು.

ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಬದುಕಿಡೀ ಹುಡುಕಿದ್ದು ಆ ಯೋಚನೆಯೊಳಕ್ಕೆ ಹೋಗುವ ದಾರಿಯನ್ನೇ. 1920ರ ಸುಮಾರಿಗೆ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಪ್ಯಾರಿಸ್ಸಿನಲ್ಲಿ ಮಕ್ಕಳಿಗೆ ಬುದ್ಧಿಪರೀಕ್ಷೆ ಮಾಡುವ ಕೆಲಸ ಅವರಿಗೆ ಸಿಕ್ಕಿತು. ಅವರ ಮನಸ್ಸು ನಿಂತದ್ದು ತಪ್ಪು ಉತ್ತರಗಳ ಮೇಲೆ. ಒಂದೇ ವಯಸ್ಸಿನ ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರು. ಹಾಗಾದರೆ ಆ ತಪ್ಪಿಗೂ ಒಂದು ತರ್ಕವಿರಬೇಕಲ್ಲವೇ? ಮುಂದೆ ಅವರು ಮಕ್ಕಳೆದುರು ನೀರನ್ನು ಲೋಟದಿಂದ ಲೋಟಕ್ಕೆ ಸುರಿದು, ಈಗ ಜಾಸ್ತಿ ಆಯಿತೇ ಎಂದು ಕೇಳಿದರು. ಚಂದ್ರ ನಮ್ಮ ಜೊತೆ ಯಾಕೆ ಬರುತ್ತಾನೆಂದೂ ಕೇಳಿದರು. ನಾಲ್ಕೈದು ವರ್ಷದ ಮಗು ಬರೀ ಎತ್ತರ ನೋಡುತ್ತದೆ. ಏಳರ ಹೊತ್ತಿಗೆ ಎತ್ತರ, ಅಗಲ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ಹಿಡಿಯುತ್ತದೆ, ಸುರಿದದ್ದನ್ನು ಮನಸ್ಸಿನಲ್ಲೇ ವಾಪಸು ಸುರಿದು ನೋಡುತ್ತದೆ. ಇದನ್ನು ಯಾರೂ ಬಾಯಿಪಾಠ ಮಾಡಿಸಿರುವುದಿಲ್ಲ.

ಆದರೆ ಪಿಯಾಜೆ ಕಂಡದ್ದೇ ಪೂರ್ತಿಯಲ್ಲ. 1974ರಲ್ಲಿ ಸ್ಕಾಟ್ಲೆಂಡಿನ ಮನೋವಿಜ್ಞಾನಿಗಳಾದ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಜೇಮ್ಸ್ ಮೆಕ್‌ಗ್ಯಾರಿಗಲ್ ಇಂಥದ್ದೇ ಇನ್ನೊಂದು ಪರೀಕ್ಷೆಯನ್ನು ಸ್ವಲ್ಪ ಬದಲಿಸಿದರು. ಸಾಲಾಗಿ ಜೋಡಿಸಿದ್ದ ಬಿಲ್ಲೆಗಳನ್ನು ದೊಡ್ಡವರು ಸರಿಸುವ ಬದಲು ಒಂದು ತುಂಟ ಗೊಂಬೆ ಕರಡಿ ಬಂದು ಕೆಡಿಸಿತು. ಎಣಿಕೆ ಬದಲಾಗಿಲ್ಲ ಎಂದು ಆಗ ಎಷ್ಟೋ ಹೆಚ್ಚು ಮಕ್ಕಳು ಹೇಳಿದರು. ದೊಡ್ಡವರೇ ಬೇಕೆಂದು ಸರಿಸಿ, ಕೇಳಿದ್ದನ್ನೇ ಮತ್ತೆ ಕೇಳಿದರೆ ಬೇರೆ ಉತ್ತರ ಬಯಸುತ್ತಿದ್ದಾರೆಂದು ಮಗು ಊಹಿಸುವುದು ಸಹಜವೇ. ಬಿಲ್ಲೆಗಳ ಜೊತೆಗೆ ಅದು ನಮ್ಮ ಮುಖವನ್ನೂ ಓದುತ್ತಿರುತ್ತದೆ. ಇದನ್ನು ತಿಳಿದ ಮೇಲೆ, ನಾಲ್ಕು ವರ್ಷದ ಮಗುವಿನ ಪುಸ್ತಕದಲ್ಲಿ ಕೆಂಪು ಶಾಯಿಯ ಗೆರೆ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಗೆರೆ ಯಾವ ಪ್ರಶ್ನೆಯನ್ನೂ ಕೇಳುವುದಿಲ್ಲ.

ಅಪ್ಪ ಅಮ್ಮಂದಿರಲ್ಲಿ, ಚಿಕ್ಕ ಮಕ್ಕಳಿಗೆ ಕಲಿಸುವವರಲ್ಲಿ ನನ್ನದೊಂದು ಬೇಡಿಕೆ: ತಿದ್ದುವ ಮುಂಚೆ "ನಿಂಗೆ ಹಾಗ್ಯಾಕೆ ಅನ್ನಿಸ್ತು ಪುಟ್ಟಾ?" ಅಂತ ಒಮ್ಮೆ ಕೇಳಿ. ಕೇಳಿದ ಮೇಲೆ, ಮಗು ಪೂರ್ತಿ ಹೇಳಿ ಮುಗಿಸುವ ತನಕ ಕಾಯಿರಿ.