ತೀರ್ಪಿಲ್ಲದ ಕಡತ

ಕಡತವೆಂದರೆ ಬಹುಜನರಿಗೆ ಬೇಸರ. ಕೆಂಪು ದಾರ, ಧೂಳು, ಓದಲಾಗದ ಷರಾ, ಇಷ್ಟೇ ಅದರ ರೂಪವೆಂದು ಅವರ ಭಾವನೆ. ನನಗಾದರೋ ಕಾದಂಬರಿಗಿಂತ ಕಡತವೇ ಹೆಚ್ಚು ರುಚಿ. ಪತ್ತೇದಾರಿ ಕಾದಂಬರಿಕಾರನು ಕೊನೆಯ ಪುಟದಲ್ಲಿ ಕಳ್ಳನನ್ನು ಹಿಡಿದುಕೊಟ್ಟು ನಮ್ಮನ್ನು ನಿದ್ರೆಗೆ ಕಳುಹಿಸುತ್ತಾನೆ. ಕಡತಕ್ಕೆ ಆ ದಾಕ್ಷಿಣ್ಯವಿಲ್ಲ. ತಿಳಿದಷ್ಟನ್ನು ಹೇಳಿ, ತಿಳಿಯದೆಡೆಯಲ್ಲಿ ಮೌನವಾಗಿ ಕುಳಿತುಬಿಡುತ್ತದೆ.

ಇಂಥ ರುಚಿಯವನಾದ ನನಗೆ ಈಚೆಗೆ ದೊರೆತ ಔತಣವೆಂದರೆ ವಾಟರ್‌ಗೇಟ್ ಪ್ರಕರಣದ ವಿಶೇಷ ಅಭಿಯೋಜಕರ ದಾಖಲೆಗಳು. ಅವು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅವುಗಳಲ್ಲಿ ಕೆಲವನ್ನು ಈಗ ನಮ್ಮ ಮನೆಯ ಜಗಲಿಯಲ್ಲಿ ಕುಳಿತೇ ಓದಬಹುದು.

ಕಥೆಯ ಹೊರಮೈ ಓದುಗರಿಗೆ ತಿಳಿದದ್ದೇ. 1972ರ ಜೂನ್ 17ರ ನಸುಕಿನಲ್ಲಿ, ವಾಷಿಂಗ್‌ಟನ್ ನಗರದ ವಾಟರ್‌ಗೇಟ್ ಕಟ್ಟಡದಲ್ಲಿದ್ದ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ ಐವರು ಸೆರೆಸಿಕ್ಕರು. ಅದನ್ನು ಮುಚ್ಚಿಹಾಕುವ ಯತ್ನದಲ್ಲಿ ಅಧ್ಯಕ್ಷ ನಿಕ್ಸನ್ನರ ಕೈಯಿದ್ದಿತೆ? ಇಲ್ಲವೇ ಇಲ್ಲವೆಂದು ಅವರು ಹೇಳುತ್ತಲೇ ಬಂದರು. ತನಿಖೆಗೆಂದು 1973ರಲ್ಲಿ ನೇಮಕವಾದವರು ಆರ್ಚಿಬಾಲ್ಡ್ ಕಾಕ್ಸ್ ಎಂಬ ಕಾನೂನು ಪ್ರಾಧ್ಯಾಪಕರು. ಅಧ್ಯಕ್ಷರ ಕೊಠಡಿಯ ಮಾತುಕತೆ ಮುದ್ರಿತವಾಗಿದ್ದ ಧ್ವನಿಸುರುಳಿಗಳನ್ನು ಅವರು ಕೇಳಿದರು. ಅಕ್ಟೋಬರ್ 20ರ ಶನಿವಾರ ಕೆಲಸ ಕಳೆದುಕೊಂಡರು. ಅವರನ್ನು ತೆಗೆದುಹಾಕಲೊಲ್ಲದೆ ಅಟಾರ್ನಿ ಜನರಲ್ ರಿಚರ್ಡ್‌ಸನ್ನರೂ ಅವರ ಸಹಾಯಕರೂ ತಾವೇ ಹುದ್ದೆ ತೊರೆದರು. ಅದೇ ರಾತ್ರಿ ಅಭಿಯೋಜಕರ ಕಚೇರಿಗೆ ಎಫ್‌ಬಿಐ ಕಾವಲು ಬಿದ್ದಿತು. ಕಾಗದ ಹೊರಗೆ ಹೋಗಬಾರದೆಂದು ಅಪ್ಪಣೆಯಾಯಿತು. ಜಗತ್ತಿನ ಬಲಿಷ್ಠ ಅಧಿಕಾರವೂ ಹೆದರುವುದು ಕಾಗದಕ್ಕೇ ಅಲ್ಲವೆ!

ಕಾಕ್ಸರ ಸ್ಥಾನಕ್ಕೆ ಬಂದವರು ಲಿಯಾನ್ ಜವಾರ್ಸ್ಕಿ. ಆರೋಪಕ್ಕೆ ಹುರುಳಿದೆಯೇ ಎಂದು ಗುಟ್ಟಾಗಿ ಪರಿಶೀಲಿಸುವ ನಾಗರಿಕರ ಮಂಡಲಿಗೆ ಆ ದೇಶದಲ್ಲಿ ಗ್ರ್ಯಾಂಡ್ ಜ್ಯೂರಿ ಎಂದು ಹೆಸರು. 1974ರ ಮಾರ್ಚಿಯಲ್ಲಿ ಆ ಮಂಡಲಿಯು ಒಂದು ಮುಚ್ಚಿದ ಲಕೋಟೆಯನ್ನು ನ್ಯಾಯಾಧೀಶ ಸಿರಿಕಾ ಅವರಿಗೆ ಒಪ್ಪಿಸಿತು. ಅದು ಸಂಸತ್ತಿನ ನ್ಯಾಯಸಮಿತಿಗೆ ಹೋಯಿತು. ಅದಕ್ಕೆ ‘ದಾರಿಯ ನಕ್ಷೆ’ ಎಂದು ಹೆಸರು ಬಿದ್ದಿತು. 53 ಹೇಳಿಕೆಗಳು, 97 ಆಧಾರಪತ್ರಗಳು. ಇಂಥ ದಿನ ಅಧ್ಯಕ್ಷರು ಇಂಥವರನ್ನು ಕಂಡರು. ಆಧಾರ ಇಂಥ ಸಾಕ್ಷ್ಯದ ಇಂಥ ಪುಟ. ಇಷ್ಟೇ. ಬೈಗುಳವಿಲ್ಲ, ವಾದವಿಲ್ಲ, ‘ಆದುದರಿಂದ’ ಎಂಬ ಮಾತೇ ಇಲ್ಲ. ಓದುವವನು ತಾನೇ ನಡೆದು ಊರು ಮುಟ್ಟಬೇಕು. 44 ವರ್ಷ ಗುಪ್ತವಾಗಿದ್ದ ಆ ಲಕೋಟೆಯು ಬಹಿರಂಗವಾದುದು 2018ರಲ್ಲಿ.

ಸುರುಳಿಗಳನ್ನು ಕೊಡಲೇಬೇಕೆಂದು 1974ರ ಜುಲೈ 24ರಂದು ಸರ್ವೋಚ್ಚ ನ್ಯಾಯಾಲಯವು ಒಮ್ಮತದಿಂದ ವಿಧಿಸಿತು. ಆಗಸ್ಟ್ 9ರಂದು ನಿಕ್ಸನ್ನರು ಪದವಿ ಬಿಟ್ಟರು. ಸೆಪ್ಟೆಂಬರ್ 8ರಂದು ಹೊಸ ಅಧ್ಯಕ್ಷ ಫೋರ್ಡರು ಅವರಿಗೆ ಕ್ಷಮಾದಾನವಿತ್ತರು. ಅಲ್ಲಿಗೆ ವಿಚಾರಣೆಯ ಬಾಗಿಲು ಮುಚ್ಚಿತು. ದೋಷಿಯೆಂದಾಗಲಿ, ನಿರ್ದೋಷಿಯೆಂದಾಗಲಿ ಯಾವ ನ್ಯಾಯಾಲಯವೂ ನಿಕ್ಸನ್ನರ ಬಗೆಗೆ ಹೇಳಲಿಲ್ಲ.

ಇಲ್ಲಿ ನನಗೆ ನನ್ನ ಸೋದರಮಾವನ ನೆನಪಾಗುತ್ತದೆ. ಅವನು ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದನು. ಹಣ ಕಡಿಮೆ ಬಿದ್ದಿತೆಂದು ವಿಚಾರಣೆ ಹೂಡಿದರು. ಅದು ಮುಗಿಯುವುದರೊಳಗೆ ಅವನೇ ಮುಗಿದನು. ಕೆಲವು ವರ್ಷಗಳ ತರುವಾಯ ಅತ್ತೆ ಕಡತವನ್ನು ಕೇಳಿದಾಗ, ಅವಧಿ ತೀರಿದ ಕಾಗದಗಳೊಡನೆ ಅದನ್ನೂ ಸುಟ್ಟೆವೆಂದು ಉತ್ತರ ಬಂದಿತು. “ಕದ್ದಿದ್ದರೆ ಕದ್ದರೆಂದಾದರೂ ಬರೆದುಕೊಡಿ, ಊರಿನವರ ಪಿಸುಮಾತಿಗಿಂತ ಅದೇ ಮೇಲು,” ಎಂದಳಂತೆ ಆಕೆ. ಪಿಸುಮಾತಿಗೆ ಅವಧಿಯೆಂಬುದು ಇಲ್ಲ. ಅದನ್ನು ಸುಡುವ ಒಲೆಯೂ ಇಲ್ಲ.

ಅಮೆರಿಕದವರು ಸುಡಲಿಲ್ಲ. ಕ್ಷಮಾದಾನದ ಮೇಲೂ, 1975ರ ಜೂನ್ 23 ಮತ್ತು 24ರಂದು ನಿಕ್ಸನ್ನರ ಪ್ರಮಾಣಪೂರ್ವಕ ಸಾಕ್ಷ್ಯವನ್ನು ಕ್ಯಾಲಿಫೋರ್ನಿಯದಲ್ಲಿ ಬರೆದುಕೊಂಡರು. ಇತಿಹಾಸಕಾರ ಸ್ಟ್ಯಾನ್ಲಿ ಕಟ್ಲರ್ ಮೊದಲಾದವರು ನ್ಯಾಯಾಲಯದ ಮೊರೆಹೊಕ್ಕ ಫಲವಾಗಿ 2011ರಲ್ಲಿ ಅದು ಹೊರಬಂದಿತು. ಅದರಲ್ಲಿ ಅವರ ನಿರಾಕರಣೆಯೂ ಇದೆ, ಮರೆತೆನೆಂಬ ಉತ್ತರವೂ ಇದೆ, ಸಿಡುಕೂ ಇದೆ. ಅವರನ್ನು ನಂಬುವವನಿಗೂ ನಂಬದವನಿಗೂ ಅದೇ ಪುಟ.

ಎಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದುದು 1972ರ ಜೂನ್ 20ರ ಧ್ವನಿಸುರುಳಿ. ಅದರಲ್ಲಿ ಹದಿನೆಂಟೂವರೆ ನಿಮಿಷ ಮಾತಿಲ್ಲ, ಬರಿಯ ಗುಂಯ್‌ಗುಟ್ಟುವ ಸದ್ದು. ಐದು ಸಲಕ್ಕೆ ಕಡಿಮೆಯಿಲ್ಲದೆ ಅಳಿಸಲಾಗಿದೆಯೆಂದು 1974ರಲ್ಲೇ ತಜ್ಞರು ಹೇಳಿದರು. ಅಳಿಸಿದವರಾರೆಂಬುದು ಇಂದಿಗೂ ಸ್ಥಾಪಿತವಾಗಿಲ್ಲ. ಮಾತುಗಳನ್ನು ಮರಳಿ ಪಡೆಯಲು ಪತ್ರಾಗಾರವು ನಡೆಸಿದ ಯತ್ನವು 2003ರಲ್ಲಿ ಕೈಗೂಡದೆ ಹೋಯಿತು. ಆದರೂ ಸುರುಳಿಯನ್ನು ಎಸೆದಿಲ್ಲ. ಹದವಾದ ತಂಪಿನಲ್ಲಿ ಜೋಪಾನ ಮಾಡಿದ್ದಾರೆ. ಮುಂದೆ ಹುಟ್ಟಲಿರುವ ಯಾವನೋ ಒಬ್ಬ ಜಾಣನು ಅದನ್ನು ಕೇಳಿಸಿಯಾನೆಂಬ ಆಸೆಯೇ ಇರಬೇಕು.

ನ್ಯಾಯವು ಎಲ್ಲ ಸಲವೂ ತೀರ್ಪಿನ ತನಕ ನಡೆಯಲಾರದು. ಕ್ಷಮೆ, ಮರಣ, ಅಧಿಕಾರ ಇವು ನಡುವೆ ಅಡ್ಡ ಬರುವುವು. ಆಗ ನೊಂದವನಿಗೂ ನಿಂದಿತನಿಗೂ ಉಳಿಯುವ ಆಸರೆ, ಯಾರ ಪಕ್ಷವನ್ನೂ ಹಿಡಿಯದೆ ಬರೆದಿಟ್ಟ ನಾಲ್ಕು ಹಾಳೆ. ಅಷ್ಟನ್ನು ಕಾಪಾಡುವುದಕ್ಕೆ ಬೇಕಾದುದು ಒಂದು ಬೀರು, ಅದಕ್ಕೊಂದು ಬೀಗ, ಮತ್ತು ಬೀಗದ ಕೈಯನ್ನು ಯಾರ ಮಾತಿಗೂ ಬಿಟ್ಟುಕೊಡದ ಒಬ್ಬ ಗುಮಾಸ್ತ.