ಸುಬೇದಾರರ ಕೋವಿ

ಮೈಸೂರಿನ ವಿಜಯನಗರ ಬಡಾವಣೆಯ ಒಂದು ಅಡ್ಡರಸ್ತೆಯಲ್ಲಿ, ವರ್ಷಕ್ಕೊಮ್ಮೆ, ಆಗಸ್ಟ್ ತಿಂಗಳ ಕೊನೆಯ ವಾರದಲ್ಲಿ, ಒಂದು ಮನೆಯ ವರಾಂಡದಲ್ಲಿ ಚಾಪೆ ಹಾಸಿರುತ್ತದೆ. ಚಾಪೆಯ ಮೇಲೆ ಹಳೆಯ ಪಂಚೆಯ ತುಂಡುಗಳು, ಎಣ್ಣೆಯ ಸೀಸೆ, ಉದ್ದನೆಯ ಕಡ್ಡಿಯ ತುದಿಗೆ ಸಿಕ್ಕಿಸಿದ ಕುಂಚ. ಇವುಗಳ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತವರು 76 ವರ್ಷದ ನಿವೃತ್ತ ಸುಬೇದಾರರು. ಅವರ ತೊಡೆಯ ಮೇಲೆ, ಮಗುವಿನಂತೆ ಅಡ್ಡಲಾಗಿ ಮಲಗಿರುವುದು 12 ಬೋರಿನ ಜೋಡು ನಳಿಗೆಯ ಕೋವಿ.

ಬೀದಿಯ ಹಳಬರಿಗೆ ಇದು ಗೊತ್ತಿರುವ ನೋಟ. ಹೂವಿನವಳು ನಿಂತು, "ಹಬ್ಬ ಬಂತಾ ಸ್ವಾಮಿ?" ಎಂದು ಕೇಳಿ ಮುಂದೆ ಹೋಗುತ್ತಾಳೆ. ಹೊಸದಾಗಿ ಬಾಡಿಗೆಗೆ ಬಂದವರು ಮಾತ್ರ ಆಡುತ್ತಿರುವ ಮಕ್ಕಳನ್ನು ಮೆಲ್ಲನೆ ಒಳಕ್ಕೆ ಕರೆದುಕೊಳ್ಳುತ್ತಾರೆ.

ಸುಬೇದಾರರು ಕೊಡವರು. ಕೊಡಗಿಗೆ ರೈಲಿಲ್ಲ; ಮಕ್ಕಳ ಓದು, ಮುಪ್ಪಿನ ವೈದ್ಯ, ಪಿಂಚಣಿಯ ನೆಮ್ಮದಿ ಇವೆಲ್ಲಕ್ಕೂ ಘಟ್ಟದ ಜನ ಮೈಸೂರಿಗೆ ಇಳಿಯುವುದು ಮೂರು ತಲೆಮಾರುಗಳಿಂದ ನಡೆದುಬಂದಿದೆ. ಬಂದವರು ಹಾಸಿಗೆ, ಪಾತ್ರೆ, ಕಾಫಿಪುಡಿಗಳೊಡನೆ ಕೋವಿಯನ್ನೂ ತಂದರು. ಅದಕ್ಕೆ ಲೈಸೆನ್ಸ್ ಇಲ್ಲ. ಇರುವುದು ಕೊಡಗು ಜಿಲ್ಲಾಡಳಿತ ಕೊಟ್ಟ ವಿನಾಯಿತಿ ಪತ್ರವೊಂದೇ.

ಈ ಪತ್ರವೇ ಎದುರುಮನೆಯ ನಿವೃತ್ತ ಹೆಡ್ಮಾಸ್ತರರಿಗೆ ಕಣ್ಣಿನ ಕಸ. ಬೀದಿಯಲ್ಲೊಂದು ಕಳವಾದ ಮೇಲೆ ಅವರಿಗೂ ಪಿಸ್ತೂಲೊಂದು ಬೇಕೆನಿಸಿತು. ವಿಚಾರಿಸಿ ನೋಡಿದರು. 1959ರ ಆಯುಧ ಕಾಯಿದೆಯ ಪ್ರಕಾರ ಅರ್ಜಿ, ಪೊಲೀಸ್ ವರದಿ, ಆಯುಧ ಏಕೆ ಬೇಕೆಂಬುದಕ್ಕೆ ಸಮಂಜಸ ಕಾರಣ. 2016ರ ನಿಯಮಗಳ ಪ್ರಕಾರ ಸುರಕ್ಷಿತ ಬಳಕೆಯ ತರಬೇತಿ. ಕೊಡಲೂಬಹುದು, ನಿರಾಕರಿಸಲೂಬಹುದು. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಬಳಿ ಇರಬಹುದಾದ ಬಂದೂಕುಗಳ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯಿತು. ಲೈಸೆನ್ಸಿನ ಅವಧಿ ಮಾತ್ರ ಐದು ವರ್ಷಕ್ಕೆ ಏರಿತು. ಹೆಡ್ಮಾಸ್ತರರು ಅರ್ಜಿಯ ನಮೂನೆಯನ್ನು ಮಡಿಸಿಟ್ಟು ಸುಬೇದಾರರ ವರಾಂಡಕ್ಕೆ ಬಂದರು.

"ಸುಬೇದಾರ್ರೇ, ತಪ್ಪು ತಿಳಿಯಬೇಡಿ. ನನಗೆ ಇಷ್ಟೆಲ್ಲ ಕಟ್ಟಲೆ. ತಾವು ಒಂದು ಕಾಗದವನ್ನು ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತೆಯಿಂದ ಕುಳಿತಿದ್ದೀರಿ. ಸಂವಿಧಾನ ಎಲ್ಲರಿಗೂ ಒಂದೇ ಅಲ್ಲವೇ?"

"ಕಾಫಿ ಕುಡಿಯಿರಿ ಮಾಸ್ತರೇ," ಎಂದರು ಸುಬೇದಾರರು. ಈ ಪ್ರಶ್ನೆಗೆ ಅವರು ಎಂದೂ ನೇರವಾಗಿ ಉತ್ತರಿಸಿದವರಲ್ಲ. ಪ್ರಶ್ನೆ ನ್ಯಾಯವಾದುದೆಂದು ಅವರಿಗೆ ಗೊತ್ತು.

ಈ ವಿನಾಯಿತಿಯ ಕಥೆ ಸ್ವಲ್ಪ ಹಿಂದಿನದು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿ ಕೊಡಗನ್ನು ವಶಪಡಿಸಿಕೊಂಡ ಇಂಗ್ಲಿಷರು, 1857ರ ಬಂಡಾಯದ ತರುವಾಯ ಜನರ ಕೈಯಿಂದ ಆಯುಧಗಳನ್ನು ಕಸಿಯಲು 1860ರಲ್ಲಿ ಶಾಸನವೊಂದನ್ನು ತಂದರು. ಮರುವರ್ಷ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿರಿಸಿದನು. ಬಂಡಾಯದ ಕಾಲದಲ್ಲಿ ತೋರಿದ ನಿಷ್ಠೆಗೆ ಅದು ಮೆಚ್ಚುಗೆ. ಇಂದು ಹೆಮ್ಮೆಯಿಂದ ಹೇಳಿಕೊಳ್ಳುವ ಹಕ್ಕಿನ ಒಂದು ಬೇರು ಪರಕೀಯರ ಮೆಚ್ಚುಗೆಯಲ್ಲಿದೆ ಎಂಬುದು ಅಷ್ಟು ಸುಖದ ಸಂಗತಿಯಲ್ಲ; ಆದರೆ ಅದನ್ನು ಮರೆಮಾಚಿ ಪ್ರಯೋಜನವೂ ಇಲ್ಲ. ಸ್ವಾತಂತ್ರ್ಯಾನಂತರ 1963ರಲ್ಲಿ ಭಾರತ ಸರ್ಕಾರ ಈ ವಿನಾಯಿತಿಯನ್ನು ಮುಂದುವರಿಸಿತು. ಕೊಡವರಿಗೆ ಮಾತ್ರವಲ್ಲ, ಜಮ್ಮಾ ಹಿಡುವಳಿಯ ಭೂಮಿಯುಳ್ಳ ಅರೆಭಾಷೆ ಗೌಡರೇ ಮೊದಲಾದವರಿಗೂ ಅದು ಅನ್ವಯಿಸುತ್ತದೆ. ಕೊಡಗಿನ ಹೊರಗೆ ವಾಸಿಸುವಾಗ ಒಂದು ರೈಫಲ್ಲು, ಅದಕ್ಕೆ 100 ಗುಂಡು. ಒಂದು ಕೋವಿ, ಅದಕ್ಕೆ 500 ತೋಟಾ: ಇದು ಮಿತಿ. ಸುಬೇದಾರರ ಬೀರುವಿನಲ್ಲಿ 12 ತೋಟಾಗಳೂ ಇದ್ದಂತಿಲ್ಲ.

ಹೆಡ್ಮಾಸ್ತರರ ಪ್ರಶ್ನೆಯನ್ನೇ ಸೇನೆಯಲ್ಲಿದ್ದವರೊಬ್ಬರು ಕರ್ನಾಟಕ ಉಚ್ಚ ನ್ಯಾಯಾಲಯದ ಮುಂದಿಟ್ಟರು. ಜನಾಂಗವನ್ನೂ ಭೂಮಿಯನ್ನೂ ನೋಡಿ ಆಯುಧ ಕೊಡುವುದು ಸಮಾನತೆಗೆ ವಿರುದ್ಧವೆಂಬುದು ಅವರ ವಾದ. 2021ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯ ವಿನಾಯಿತಿಯನ್ನು ಎತ್ತಿಹಿಡಿಯಿತು. ಅದು ಸ್ವಾತಂತ್ರ್ಯಪೂರ್ವದಿಂದ ಬಂದದ್ದು, ಷರತ್ತುಗಳಿಗೆ ಒಳಪಟ್ಟದ್ದು, ಅನಿರ್ದಿಷ್ಟ ಕಾಲದ್ದಲ್ಲ ಎಂಬುದನ್ನು ಅದು ಗಮನಿಸಿತು. 2019ರಲ್ಲಿ ಹೊರಟ ಆದೇಶದ ಅವಧಿ 2029ರ ಅಕ್ಟೋಬರ್ 31ರವರೆಗೆ. ಆ ದಿನಾಂಕವನ್ನು ಸುಬೇದಾರರು ಬೀರುವಿನ ಬಾಗಿಲ ಒಳಮೈಯಲ್ಲಿ ಸೀಸದ ಕಡ್ಡಿಯಿಂದ ಬರೆದಿಟ್ಟಿದ್ದಾರೆ.

"ಅದೆಲ್ಲ ಇರಲಿ," ಎಂದರು ಹೆಡ್ಮಾಸ್ತರರು, ಕಾಫಿ ಮುಗಿಸಿ. "ಬೇಟೆ ಇಲ್ಲವಾಗಿ ಅರ್ಧ ಶತಮಾನವಾಯಿತು. ಈಗ ಇದರಿಂದ ಏನು ಕೆಲಸ?"

ಮಾತು ನಿಜ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಗೆ ತೆರೆ ಎಳೆಯಿತು. ಮಹಾರಾಜರೂ ಅವರ ಅತಿಥಿಗಳೂ ಹೊಡೆದ ಹುಲಿಗಳನ್ನು ಜೀವಕಳೆ ಬರುವಂತೆ ಸಜ್ಜುಗೊಳಿಸುತ್ತಿದ್ದ ಮೈಸೂರಿನ ವ್ಯಾನ್ ಇಂಗೆನ್ ಕಾರ್ಖಾನೆಯೂ ಇಪ್ಪತ್ತನೆಯ ಶತಮಾನದೊಡನೆ ಮುಗಿದುಹೋಯಿತು. ಸುಬೇದಾರರ ತಂದೆ ಕೇಪಿನ ಕೋವಿಯಲ್ಲಿ ಹಂದಿ ಹೊಡೆದವರು. ಮಗ ಈ ಕೋವಿಯಿಂದ ಪ್ರಾಣಿಯನ್ನು ಕೊಂದು ಐವತ್ತು ವರ್ಷಗಳೇ ಸಂದಿವೆ.

ಆದರೂ ಅದಕ್ಕೆ ಕೆಲಸವಿದೆ. ವರ್ಷಕ್ಕೆ ಒಂದೆರಡು ದಿನ. ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್ ಪೊಳ್ದ್ ಆಯುಧಗಳ ಹಬ್ಬ. ಬೇಸಾಯದ ದಿನಗಳಲ್ಲಿ ಆಯುಧಗಳು ದೇವರ ಬಳಿ ವಿಶ್ರಾಂತಿಯಲ್ಲಿರುತ್ತವೆ. ನಾಟಿ ಮುಗಿದ ಮೇಲೆ ಅವನ್ನು ಹೊರತೆಗೆದು, ತೊಳೆದು, ಒಡಿಕತ್ತಿ ಪೀಚೆಕತ್ತಿಗಳೊಡನೆ ದೀಪದ ಮುಂದಿಟ್ಟು, ಕೋವಿಯ ನಳಿಗೆಗೆ ತೋಕ್ ಪೂವನ್ನು ಸಿಕ್ಕಿಸುತ್ತಾರೆ. ತೋಕ್ ಎಂದರೆ ಕೋವಿ. ಬೆಂಕಿಯ ನಾಲಗೆಯಂತೆ ಅರಳುವ ಈ ಹೂವನ್ನು ಬಯಲುಸೀಮೆಯವರು ಅಗ್ನಿಶಿಖೆ ಎನ್ನುತ್ತಾರೆ. ಪೂಜೆಯ ತರುವಾಯ ಕಡುಂಬುಟ್ಟು, ಹಂದಿಯ ಸಾರು. ಮಧ್ಯಾಹ್ನ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಪುತ್ತರಿಯಲ್ಲಿ ಹೊಸ ಪೈರನ್ನು ಕೊಯ್ಯುವಾಗ ಇನ್ನೊಂದು ಗುಂಡು.

ಹಬ್ಬಗಳನ್ನು ಬಿಟ್ಟರೆ ಕೋವಿ ಬಾಯಿ ತೆರೆಯುವುದು ಎರಡು ಸಂದರ್ಭಗಳಲ್ಲಿ. ಗಂಡು ಮಗು ಹುಟ್ಟಿದಾಗ ಒಂದು ಗುಂಡು. ಮನೆಯಲ್ಲಿ ಸಾವಾದಾಗ ಎರಡು. ಬೆಟ್ಟದ ಮನೆಗಳು ಒಂದಕ್ಕೊಂದು ದೂರ. ಕೂಗಿದರೆ ಕೇಳದ ಊರಿಗೆ ಕೋವಿಯೇ ಓಲೆಕಾರ. ಒಂದು ಕೇಳಿದವರು ಬಾಣಂತಿಗೆ ಬೇಕಾದುದನ್ನು ಹೊಂದಿಸುತ್ತಿದ್ದರು. ಎರಡು ಕೇಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಿದ್ದರು.

ಇದನ್ನೆಲ್ಲ ಕೇಳಿ ಕೊಡಗಿನ ಕೋವಿ ಬರೀ ಪೂಜೆಯ ವಸ್ತುವೆಂದು ಯಾರೂ ಭಾವಿಸಬೇಕಾಗಿಲ್ಲ. ಆಸ್ತಿಯ ಜಗಳದಲ್ಲಿ ದಾಯಾದಿಯ ಎದೆಗೆ ತಿರುಗಿದ ಕೋವಿಗಳೂ ಆ ನಾಡಿನಲ್ಲಿವೆ, ಕುಡಿದ ಅಮಲಿನಲ್ಲಿ ಹಾರಿದವೂ ಇವೆ. ಸುಬೇದಾರರು ಅದನ್ನು ಹೇಳಲು ಸಂಕೋಚಪಡುವುದಿಲ್ಲ. ಅವರ ಮನೆಯಲ್ಲಿ ಕೋವಿಯೂ ತೋಟಾಗಳೂ ಒಂದೇ ಬೀಗದ ಕೆಳಗೆ ಎಂದೂ ಮಲಗಿದ್ದಿಲ್ಲ.

2022ರ ಬೇಸಗೆಯಲ್ಲಿ ಅವರು ಅಮೆರಿಕಕ್ಕೆ ಹೋದರು. ಮಗ ಟೆಕ್ಸಸ್ ರಾಜ್ಯದ ಡಲ್ಲಾಸ್ ನಗರದ ಹೊರವಲಯದಲ್ಲಿ ಎಂಜಿನಿಯರ್. ಅಲ್ಲಿಯ ಖಾಯಂ ನಿವಾಸಿ. ತಂದೆಗೆ ಪ್ರಿಯವಾದೀತೆಂದು ಮೊದಲ ಭಾನುವಾರವೇ ಬಂದೂಕಿನ ಅಂಗಡಿಗೆ ಕರೆದೊಯ್ದ. ನಮ್ಮ ಅಶೋಕ ರಸ್ತೆಯ ಚಿನ್ನದಂಗಡಿಗಳಲ್ಲಿ ಬಳೆ, ಸರಗಳನ್ನಿಟ್ಟಂತೆ ಗಾಜಿನ ಕೆಳಗೆ ಸಾಲುಸಾಲಾಗಿ ಪಿಸ್ತೂಲುಗಳು. ಗಿರಾಕಿ ಕೇಂದ್ರ ಸರ್ಕಾರದ ಒಂದು ನಮೂನೆಯನ್ನು ತುಂಬುತ್ತಾನೆ. ಅಂಗಡಿಯವನು ಅವನ ಪೂರ್ವಾಪರವನ್ನು ವಿಚಾರಿಸುತ್ತಾನೆ. ಅಡ್ಡಿಯಿಲ್ಲವೆಂಬ ಉತ್ತರ ಅನೇಕ ವೇಳೆ ಕಾಫಿ ಆರುವುದರೊಳಗೆ ಬರುತ್ತದೆ. ಅಲ್ಲಿ ಸೇರಿದ್ದವರ ಚರ್ಚೆ ಸುಬೇದಾರರಿಗೆ ಬಹಳ ಹಿಡಿಸಿತು. ಸಂಗೀತ ಕಚೇರಿ ಮುಗಿದ ಮೇಲೆ ರಸಿಕರು ಬಾಣಿಗಳ ತಾರತಮ್ಯ ಮಾಡುವ ಹಾಗೆ ಅವರು ಗುಂಡಿನ ಅಳತೆಯ ತಾರತಮ್ಯ ಮಾಡುತ್ತಿದ್ದರು. ಜಾನ್ ಬ್ರೌನಿಂಗ್ ರೂಪಿಸಿ 1911ರಲ್ಲಿ ಅಮೆರಿಕದ ಸೇನೆ ಸ್ವೀಕರಿಸಿದ ಕೋಲ್ಟ್ ಪಿಸ್ತೂಲಿನ ಭಾರವಾದ .45 ಗುಂಡೇ ಗುಂಡು ಎಂದು ಒಬ್ಬ ವೃದ್ಧ. ಹಗುರಾದ 9 ಮಿಲಿಮೀಟರ್ ಗುಂಡಿಗೆ ಹಿನ್ನೂಕು ಕಡಿಮೆ, ಗ್ಲಾಕ್ 19ರಲ್ಲಿ ಅವು 15 ಹಿಡಿಯುತ್ತವೆ ಎಂದು ಒಬ್ಬ ತರುಣ. ಸೇನೆಯಲ್ಲಿ 9 ಮಿಲಿಮೀಟರಿನ ಪಿಸ್ತೂಲು ಹಿಡಿದಿದ್ದ ಸುಬೇದಾರರು ತರುಣನ ಪಕ್ಷ ವಹಿಸಿದರು.

ಮಗ ಕೊಂಡಿದ್ದುದೂ ಗ್ಲಾಕ್ 19. ಅಮೆರಿಕದಲ್ಲಿ ಆಯುಧ ವಿನಾಯಿತಿಯಲ್ಲ, ಹಕ್ಕು. 1791ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿಯ ಬಲ ಅದಕ್ಕಿದೆ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ವರ್ಷ ತುಂಬಿ ಕಾನೂನಿನ ಅಡ್ಡಿಯಿಲ್ಲದವರು ಪಿಸ್ತೂಲನ್ನು ಒಯ್ಯಲು ಪರವಾನಗಿಯೇ ಬೇಕಿಲ್ಲ. ಇಂಥ ಕಾನೂನು ಅಲ್ಲಿಯ ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿದೆ. ಒಳಗೆ ಆಯುಧ ತರಬಾರದೆಂದು ಅಂಗಡಿಯ ಮಾಲೀಕರು ಬಾಗಿಲಿಗೆ ಫಲಕ ಹಾಕಬಹುದು, ಅಷ್ಟೆ. 2018ರ ಒಂದು ಅಂದಾಜಿನಂತೆ ಆ ದೇಶದ ಜನರ ಕೈಯಲ್ಲಿ 39 ಕೋಟಿಗೂ ಹೆಚ್ಚು ಬಂದೂಕುಗಳಿದ್ದವು. ಜನಸಂಖ್ಯೆಯನ್ನು ಮೀರಿದ ಲೆಕ್ಕ.

ಹಾಲು ತರಲು ಹೊರಟಾಗಲೂ ಮಗ ಸೊಂಟಕ್ಕೆ ಒರೆ ಸಿಕ್ಕಿಸಿಕೊಳ್ಳುವುದನ್ನು ಸುಬೇದಾರರು ನಾಲ್ಕು ದಿನ ನೋಡಿದರು. ಐದನೆಯ ದಿನ ಕೇಳಿದರು: "ಹಾಲಿನ ಅಂಗಡಿಯಲ್ಲಿ ನಿನಗೆ ಯಾರ ಭಯ?"

"ಭಯವಲ್ಲ ಅಪ್ಪ, ಎಚ್ಚರ. ನಿಮ್ಮ ಮದುವೆಯ ಫೋಟೋದಲ್ಲಿ ನಿಮ್ಮ ಸೊಂಟದಲ್ಲೂ ಪೀಚೆಕತ್ತಿ ಇದೆಯಲ್ಲ?"

ಸುಬೇದಾರರಿಗೆ ಉತ್ತರ ಹೊಳೆಯಲಿಲ್ಲ. ಇಂದಿಗೂ ಹೊಳೆದಿಲ್ಲ ಎಂದೇ ಅವರು ಹೇಳುತ್ತಾರೆ.

ಅವರು ಅಲ್ಲಿದ್ದಾಗಲೇ, ಮೇ 24ರಂದು, ಅದೇ ರಾಜ್ಯದ ಯುವಾಲ್ಡೆ ಎಂಬ ಊರಿನ ಪ್ರಾಥಮಿಕ ಶಾಲೆಯಲ್ಲಿ 18 ವರ್ಷದ ಹುಡುಗನೊಬ್ಬ ಗುಂಡು ಹಾರಿಸಿ 19 ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಕೊಂದ. ಆ ರಾತ್ರಿ ಮನೆಯಲ್ಲಿ ಟೆಲಿವಿಷನ್ ಆರಿಸಿದ ಮೇಲೆ, ಒಂಬತ್ತು ವರ್ಷದ ಮೊಮ್ಮಗ ಅಜ್ಜನ ಹಾಸಿಗೆಗೆ ಬಂದ. ತಮ್ಮ ಶಾಲೆಯಲ್ಲಿ ಇದಕ್ಕೆ ಅಭ್ಯಾಸ ಮಾಡಿಸುತ್ತಾರೆ, ದೀಪ ಆರಿಸಿ ಗೋಡೆಯ ಮೂಲೆಯಲ್ಲಿ ಉಸಿರು ಕೇಳದ ಹಾಗೆ ಕೂರಬೇಕು ಎಂದು ಪಾಠ ಒಪ್ಪಿಸುವಂತೆ ಹೇಳಿದ. ಬಳಿಕ ಕೇಳಿದ:

"ಅಜ್ಜ, ಮೈಸೂರಿನ ಮನೆಯಲ್ಲೂ ಗನ್ ಇದೆಯಂತೆ. ಯಾರನ್ನು ಹೊಡೆಯಲು?"

"ಯಾರನ್ನೂ ಅಲ್ಲ. ನೀನು ಹುಟ್ಟಿದೆ ಎಂದು ನಿಮ್ಮಪ್ಪ ಫೋನು ಮಾಡಿದ ದಿನ ಅದನ್ನು ಊರಿಗೆ ಒಯ್ದು, ಐನ್‌ಮನೆಯ ಅಂಗಳದಲ್ಲಿ ಒಂದು ಗುಂಡು ಹಾರಿಸಿದೆ. ಊರಿಗೆಲ್ಲ ತಿಳಿಯಲಿ ಎಂದು."

ಹುಡುಗ ಬಹಳ ಹೊತ್ತು ಸುಮ್ಮನಿದ್ದು, "ನನಗೆ ಕೇಳಿಸಲಿಲ್ಲ," ಎಂದ.

ಮೈಸೂರಿಗೆ ಹಿಂದಿರುಗಿದ ಸುಬೇದಾರರ ಮನಸ್ಸನ್ನು ಒಂದು ಯೋಚನೆ ಕೊರೆಯತೊಡಗಿತು. ಕೋವಿಯನ್ನು ಯಾರಿಗೆ ಕೊಡುವುದು? ಮಗ ಬಂದಾನೆಂಬ ಭರವಸೆಯಿಲ್ಲ. ಬಂದರೂ ಎರಡು ಗುಂಡಿನ ಹೊತ್ತಿಗೆ ವಿಮಾನ ಇಳಿದಿರುತ್ತದೆಯೇ? ಮೈಸೂರಿನಲ್ಲಂತೂ ಅದು ಆಗುವ ಮಾತಲ್ಲ. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಪಾಯ ತಂದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು 2019ರ ತಿದ್ದುಪಡಿ ಹೇಳುತ್ತದೆ. ಅದು ಸರಿಯಾದ ಕಾನೂನೆಂದೇ ಅವರ ಮತ. ಅಂತೂ ಹುಣಸೂರು, ತಿತಿಮತಿ, ಗೋಣಿಕೊಪ್ಪಲು ದಾಟಿ ವಿರಾಜಪೇಟೆಯ ಬಳಿಯ ಐನ್‌ಮನೆಗೆ ದೇಹವೂ ಕೋವಿಯೂ ಜೊತೆಗೇ ಹೋಗಬೇಕು.

ಜೊತೆಯಲ್ಲಿರುವವಳು ಮಗಳು. ಮೈಸೂರಿನಲ್ಲೇ ಬ್ಯಾಂಕಿನ ಉದ್ಯೋಗ; ಸಂಜೆ ಬಂದು ತಂದೆಗೆ ಔಷಧಿ ಎಣಿಸಿಕೊಟ್ಟು ಹೋಗುವವಳು. ಚಿಕ್ಕಂದಿನಲ್ಲಿ ಅಣ್ಣ ಗುರಿ ಕಲಿಯುವಾಗ ಅವಳು ಒಡೆದ ತೆಂಗಿನ ಚೂರುಗಳನ್ನು ಆಯುತ್ತಿದ್ದಳು. ಈಗ ಕೈಲ್ ಪೊಳ್ದಿನ ಸ್ಪರ್ಧೆಗಳಲ್ಲಿ ಹೆಂಗಸರೂ ಕೋವಿ ಹಿಡಿಯುತ್ತಾರೆ. ಒಂದು ವರ್ಷ ಸುಬೇದಾರರು ಏನೂ ಹೇಳದೆ ಕೋವಿಯನ್ನು ಅವಳ ಕೈಗಿತ್ತರು. ಮೂರು ಗುಂಡೂ ತಪ್ಪಿತು, ಭುಜ ನೀಲಿಗಟ್ಟಿತು. ಮರುವರ್ಷವೂ ತಪ್ಪಿತು. ಅದರಾಚೆಯ ವರ್ಷ ಕಾಯಿ ಒಡೆಯಿತು. ಮನೆಗೆ ಬಂದು ನಳಿಗೆ ಒರೆಸಿದವಳೂ ಅವಳೇ. ಕೋವಿಯನ್ನು ಅವಳ ಹೆಸರಿಗೆ ವರ್ಗಾಯಿಸುವ ಅರ್ಜಿಗೆ ಸುಬೇದಾರರು ಆ ವಾರವೇ ಸಹಿ ಮಾಡಿದರು. ಮಗನಿಗೆ ಫೋನಿನಲ್ಲಿ ತಿಳಿಸಿದರು. ಆ ಕಡೆಯಿಂದ ಕೆಲ ಹೊತ್ತು ಮಾತು ಬರಲಿಲ್ಲ. ಬಳಿಕ, "ಒಳ್ಳೆಯದಾಯಿತು ಅಪ್ಪ," ಎಂದ.

ಈ ವರ್ಷ ಹಬ್ಬದ ಮುಂಚೆ ತೋಟಾಗಳ ಪೆಟ್ಟಿಗೆಯನ್ನು ಒರೆಸುತ್ತಿದ್ದಾಗ ಮಗಳಿಗೆ ಒಂದು ಪುಟ್ಟ ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಬಟ್ಟೆಯಲ್ಲಿ ಸುತ್ತಿದ ಎರಡು ತೋಟಾಗಳು.

"ಇವು ಯಾಕೆ ಬೇರೆ ಇವೆ ಅಪ್ಪ?"

"ಅವು ನನ್ನವು."

ಅವಳು ಒಂದನ್ನು ಬೆಳಕಿಗೆ ಹಿಡಿದು ನೋಡಿದಳು. ತೇವ ಕುಡಿದು ಅಂಚು ಉಬ್ಬಿತ್ತು, ಹಿತ್ತಾಳೆಗೆ ಹಸಿರು ಹಿಡಿದಿತ್ತು.

"ನಾನು ಹುಟ್ಟಿದಾಗ ಗುಂಡು ಹಾರಿಸಲಿಲ್ಲ ಎಂದು ಅವ್ವ ಹೇಳುತ್ತಿದ್ದಳು."

"ಇಲ್ಲ. ಹೆಣ್ಣುಮಗುವಿಗೆ ಹಾರಿಸುವ ಪದ್ಧತಿ ಇರಲಿಲ್ಲ."

ಅವಳು ಮತ್ತೇನೂ ಕೇಳಲಿಲ್ಲ. ಎರಡನ್ನೂ ಬಟ್ಟೆಯ ಮೇಲಿಟ್ಟು, "ಇವು ಕೆಟ್ಟುಹೋಗಿವೆ. ಆ ಹೊತ್ತಿಗೆ ಸಿಡಿಯದಿದ್ದರೆ ನಾನೇನು ಮಾಡಲಿ? ಕೋವಿಯ ಅಂಗಡಿಗೆ ಹೋದಾಗ ಎರಡು ಹೊಸವು ತನ್ನಿ," ಎಂದಳು.

ಸುಬೇದಾರರು ಡಬ್ಬಿಯನ್ನು ಎತ್ತಿಕೊಂಡು, ಒಳಗಿನ ತುಕ್ಕನ್ನು ಹೆಬ್ಬೆರಳಿನಿಂದ ಉಜ್ಜಿದರು.

"ಮೂರು ತರುತ್ತೇನೆ," ಎಂದರು.